ಪಿಕಪ್ ಇಲ್ಲ, ಹ್ಯಾಂಡಲ್ ಅಲ್ಲಾಡುತ್ತೆ

ಬೈಕ್ ಗ್ಯಾರೇಜಿನ ಬಾಗಿಲಿಗೆ ಬರುವ ದೂರು ನೂರಿದ್ದರೂ ಅವುಗಳ ಜಾತಿ ಎರಡೇ. ಗಾಡಿಗೆ ಪಿಕಪ್ ಇಲ್ಲ ಎಂಬುದೊಂದು, ಹ್ಯಾಂಡಲ್ ಅಲ್ಲಾಡುತ್ತದೆ ಎಂಬುದು ಇನ್ನೊಂದು. ಮೈಲೇಜ್ ಬಿದ್ದಿದೆ, ಮಿಸ್ ಹೊಡೆಯುತ್ತಿದೆ, ಬಿಸಿಯಾದ ಮೇಲೆ ಸ್ಟಾರ್ಟ್ ಆಗುವುದಿಲ್ಲ ಎನ್ನುವುದೆಲ್ಲ ಮೊದಲನೆಯದರ ಬಳಗ. ತಿರುವಿನಲ್ಲಿ ಹಿಂದಿನ ಚಕ್ರ ತಪ್ಪಿದಂತಾಗುತ್ತದೆ, ಬ್ರೇಕ್ ಹಿಡಿದರೆ ಮುಂದೆ ಟಕ್ ಎನ್ನುತ್ತದೆ ಎನ್ನುವುದು ಎರಡನೆಯದರದ್ದು. ಶಿವಮೊಗ್ಗದಿಂದ ಭದ್ರಾವತಿ ಹಾದು ಶಂಕರಘಟ್ಟ, ಬಿ.ಆರ್.ಪಿ., ಲಕ್ಕವಳ್ಳಿಯವರೆಗಿನ ರಸ್ತೆಬದಿಯ ಗ್ಯಾರೇಜುಗಳ ಅರವತ್ತು ವರ್ಷಗಳ ಇತಿಹಾಸ ಬರೆಯುವುದಾದರೆ ಈ ಎರಡು ದೂರುಗಳನ್ನು ಬೇರೆ ಬೇರೆಯಾಗಿಯೇ ಬರೆಯಬೇಕು. ಅವೆರಡರ ಹಣೆಬರಹ ಒಂದೇ ಅಲ್ಲ. ಹಳೇ ಮೇಸ್ತ್ರಿಗಳ ಜೊತೆಗೇ ವಿದ್ಯೆಯೂ ಹೋಯಿತು, ಈಗಿನ ಹುಡುಗರಿಗೆ ಕಂಪ್ಯೂಟರ್ ಹೇಳಿದ್ದೇ ವೇದ ಎಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ನನ್ನ ವಾದ ಬೇರೆ. ರೋಗ ಹುಡುಕುವ ವಿದ್ಯೆ ಎಲ್ಲಿಗೂ ಹೋಗಲಿಲ್ಲ. ಕಣ್ಣು, ಕಿವಿ, ಮೂಗಿಗೆ ಸಿಗುತ್ತಿದ್ದ ರೋಗದ ಗುರುತುಗಳು ಯಂತ್ರದ ಒಳಗೆ ಸರಿದುಕೊಂಡವು. ಅದೂ ಮೊದಲನೆಯ ಜಾತಿಯ ದೂರುಗಳಲ್ಲಿ ಮಾತ್ರ.

ಕರ್ನಾಟಕದ ಮಟ್ಟಿಗೆ ಈ ಕಥೆ ಮೈಸೂರಿನಿಂದ ಹೊರಡುತ್ತದೆ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದ ಐಡಿಯಲ್ ಜಾವಾ ಸಂಸ್ಥೆ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 250 ಸಿಸಿ ಬೈಕುಗಳನ್ನು ಮಾಡತೊಡಗಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ತಯಾರಿಕೆ ನಿಂತಿತು. ಎಸ್ಕಾರ್ಟ್ಸ್‌ನವರ ರಾಜದೂತ್, ಆಮೇಲೆ ಬಂದ ಚೇತಕ್ ಸ್ಕೂಟರು, ಮೊಪೆಡ್ಡುಗಳು, ಹೀಗೆ ಮದರಾಸಿನ ಬುಲೆಟ್ ಒಂದನ್ನು ಬಿಟ್ಟರೆ ರಸ್ತೆಯ ಮೇಲಿದ್ದದ್ದೆಲ್ಲ ಬಹುಪಾಲು ಟೂ ಸ್ಟ್ರೋಕ್. ಈ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಬೋರಿನ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಪೆಟ್ರೋಲು, ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಮೇಲೇರಬೇಕು. ಹಾಗಾಗಿ ಅಲ್ಲಿ ಆಯಿಲ್ ತುಂಬಿಡುವಂತಿಲ್ಲ. ಲೀಟರ್ ಪೆಟ್ರೋಲಿಗೆ ಮೂವತ್ತು ನಲವತ್ತು ಮಿಲಿಲೀಟರ್ ಆಯಿಲ್ ಬೆರೆಸಿ, ಅದನ್ನೂ ಸುಟ್ಟು ಹೊಗೆಯಾಗಿ ಬಿಡಬೇಕು. ಪರಿಸರದ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಏರ್ಪಾಡು ಇಲ್ಲ. ರೋಗ ಪತ್ತೆ ಮಾಡುವವನಿಗೆ ಮಾತ್ರ ಇದಕ್ಕಿಂತ ಒಳ್ಳೆಯದು ಇರಲಿಲ್ಲ, ಏಕೆಂದರೆ ಒಳಗೆ ನಡೆದದ್ದೆಲ್ಲ ಹೊರಗೆ ಗುರುತು ಬಿಟ್ಟೇ ಬರುತ್ತಿತ್ತು.

ಪ್ಲಗ್ಗನ್ನೇ ನೋಡಿ. ತುದಿ ತಿಳಿಗಂದು ಬಣ್ಣಕ್ಕಿದ್ದರೆ ಎಂಜಿನ್ ಸರಿಯಾಗಿ ಉಸಿರಾಡುತ್ತಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಎಣ್ಣೆ ಎಣ್ಣೆಯಾಗಿದ್ದರೆ ಆಯಿಲ್ ಹೆಚ್ಚು, ಇಲ್ಲವೇ ಕಿಡಿ ದುರ್ಬಲ. ಬೆಳ್ಳಗೆ ಸುಟ್ಟಂತಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ, ಅಥವಾ ಜೆಟ್ ಕಟ್ಟಿದೆ. ಈ ಪರೀಕ್ಷೆಗೂ ಒಂದು ಶಿಸ್ತಿದೆ. ಗ್ಯಾರೇಜಿನ ಮುಂದೆ ಐಡ್ಲಿಂಗ್‌ನಲ್ಲಿ ಗುರುಗುಟ್ಟಿಸಿ ಬಿಚ್ಚಿದ ಪ್ಲಗ್ ಏನನ್ನೂ ಹೇಳುವುದಿಲ್ಲ. ನಾಲ್ಕಾರು ಕಿಲೋಮೀಟರ್ ಎಳೆಸಿ ಓಡಿಸಿ, ಓಡುತ್ತಿದ್ದ ಹಾಗೇ ಎಂಜಿನ್ ಆಫ್ ಮಾಡಿ, ಕ್ಲಚ್ ಹಿಡಿದು ನಿಲ್ಲಿಸಿ ಬಿಚ್ಚಿದರೆ ಮಾತ್ರ ಬಣ್ಣ ನಿಜ ಹೇಳುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳ ವಿಷಯ. ಕ್ಲಚ್ ಕಡೆಯ ಸೀಲ್ ಹರಿದರೆ ಎಂಜಿನ್ ಗೇರ್ ಆಯಿಲನ್ನು ಎಳೆದುಕೊಂಡು ಸುಡುತ್ತದೆ. ಆಗ ದಟ್ಟ ಬಿಳಿ ಹೊಗೆ ಬರುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಗೇರ್‌ಬಾಕ್ಸಿನ ಆಯಿಲ್ ಮಟ್ಟ ಕಾರಣವಿಲ್ಲದೆ ಇಳಿಯುತ್ತದೆ. ಡೈನಮೋ ಕಡೆಯದು ಹರಿದರೆ ಬರುವುದು ಬರೀ ಗಾಳಿ. ಹೊಗೆ ಇಲ್ಲ, ಐಡ್ಲಿಂಗ್ ತಾನಾಗಿ ಏರುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ, ಕೊನೆಗೆ ಯಾವುದೋ ಚಡಾವಿನಲ್ಲಿ ಪಿಸ್ಟನ್ ಸೀಜ್ ಆಗುತ್ತದೆ. ಒಂದೇ ಜಾತಿಯ ರಬ್ಬರ್ ಬಳೆ ಒಂದು ಕಡೆ ಹೋದರೆ ಒಂದು ಲಕ್ಷಣ, ಇನ್ನೊಂದು ಕಡೆ ಹೋದರೆ ಅದಕ್ಕೆ ತದ್ವಿರುದ್ಧ. ಎಂಜಿನ್ ಬಿಚ್ಚದೆ ಇದನ್ನು ಹೇಳುವುದಕ್ಕೆ ತರ್ಕ ಬೇಕು, ಕೈಚಳಕ ಮಾತ್ರ ಸಾಲದು. ಜಾವಾಕ್ಕೆ ಎರಡು ಸೈಲೆನ್ಸರ್ ಇದ್ದುದರಿಂದ ಇನ್ನೊಂದು ಅನುಕೂಲವಿತ್ತು. ಎರಡರ ಬಾಯಿಗೂ ಅಂಗೈ ಹಿಡಿದು ಗಾಳಿಯ ಹೊಡೆತ ಹೋಲಿಸಿದರೆ ಯಾವ ಕಡೆ ಇಂಗಾಲ ಕಟ್ಟಿದೆ ಎಂಬುದು ಗೊತ್ತಾಗುತ್ತಿತ್ತು.

ಇದನ್ನೆಲ್ಲ ವಿದ್ಯೆ ಎನ್ನುವುದು ಅತಿಯಾಯಿತು, ಹಳೇ ಮೇಸ್ತ್ರಿಗಳು ಮಾಡುತ್ತಿದ್ದದ್ದು ಅಂದಾಜಿನ ಕೆಲಸ, ಒಂದಾದ ಮೇಲೊಂದು ಪಾರ್ಟ್ ಹಾಕಿ ನೋಡುವುದು ಎಂದು ಆಕ್ಷೇಪಿಸುವವರಿದ್ದಾರೆ. ಕಾಲವನ್ನು ಗಮನಿಸಿದರೆ ಈ ಆಕ್ಷೇಪ ತಲೆಕೆಳಗಾಗಿದೆ ಎನ್ನಿಸುತ್ತದೆ. ಒಂದಾದ ಮೇಲೊಂದು ಹಾಕಿ ನೋಡಲು ಅಂಗಡಿಯಲ್ಲಿ ಪಾರ್ಟ್ ಇರಬೇಕಲ್ಲ. ಪರ್ಮಿಟ್ಟಿನ ಕಾಲದಲ್ಲಿ ಸ್ಕೂಟರಿಗೇ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಶಿವಮೊಗ್ಗದಲ್ಲಿ ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಗತಿ. ಅಂಥ ಕಡೆ ತಪ್ಪು ಅಂದಾಜಿನ ಬೆಲೆಯೆಂದರೆ ಗಾಡಿ ಇನ್ನೊಂದು ವಾರ ಮೂಲೆಯಲ್ಲಿ ನಿಲ್ಲುವುದು. ಸಾಮಾನಿನ ಅಭಾವವೇ ಮೊದಲು ಪತ್ತೆ, ಆಮೇಲೆ ಪಾನಾ ಎಂಬ ಕ್ರಮವನ್ನು ಕಲಿಸಿತು. ಕಾಯಿಲ್, ಸಿಡಿಐ, ಕಾರ್ಬ್ಯುರೇಟರ್ ಎಲ್ಲ ಡಬ್ಬದಲ್ಲಿ ಸಲೀಸಾಗಿ ಸಿಗತೊಡಗಿದ ಮೇಲೇ, ಬದಲಿಸಿ ನೋಡುವ ಚಾಳಿ ಹೆಚ್ಚಿದ್ದು. ಆಕ್ಷೇಪ ಮಾಡುವವರು ತೊಂಬತ್ತರ ದಶಕದ ಗ್ಯಾರೇಜನ್ನು ನೋಡಿ ಅರವತ್ತರ ದಶಕದ ಗ್ಯಾರೇಜಿನ ಬಗ್ಗೆ ತೀರ್ಪು ಕೊಡುತ್ತಿದ್ದಾರೆ.

ಈ ಸೀಮೆಗೆ ಇನ್ನೊಂದು ವಿಶೇಷವಿದೆ. ಪತ್ತೆಯಾದ ರೋಗಕ್ಕೆ ಮದ್ದು ಊರಲ್ಲೇ ಇರಬೇಕು, ಇಲ್ಲದಿದ್ದರೆ ಪತ್ತೆಯ ಪ್ರಯೋಜನವೇನು? ಟೂ ಸ್ಟ್ರೋಕಿನ ದೊಡ್ಡ ರೋಗ ಬೋರ್ ಸವೆಯುವುದು. ಕಂಪ್ರೆಷನ್ ಇಳಿದು ಕಿಕ್ಕರ್ ಹಗುರಾಗುತ್ತದೆ, ಪಿಸ್ಟನ್ ಬೋರಿನೊಳಗೆ ಬಡಿಯುವ ಸದ್ದು ಕೇಳುತ್ತದೆ. ಜಾವಾದ ಬ್ಯಾರಲ್ ಎರಕದ ಕಬ್ಬಿಣದ್ದು. ಅದನ್ನು ಕೊರೆದು, ಹೋನ್ ಮಾಡಿ, ಒಂದು ಸೈಜ್ ದೊಡ್ಡ ಪಿಸ್ಟನ್ ಕೂರಿಸಿದರೆ ಎಂಜಿನ್ನಿಗೆ ಮರುಜನ್ಮ. ಇದಕ್ಕೆ ಬೇಕಾದದ್ದು ಎರಕದ ಕಬ್ಬಿಣದ ಗುಣ ಬಲ್ಲ ಟರ್ನರ್. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಸೌದೆಯ ಇದ್ದಿಲಿನಲ್ಲಿ ಕರಗಿಸಲು ಶುರು ಮಾಡಿದ್ದು 1923ರಲ್ಲಿ. ಎರಕ, ಲೇತು, ಮಿಲ್ಲಿಂಗ್ ಎಂಬ ಪದಗಳು ಮನೆಮಾತಾದ ಊರದು. ಮುಂದೆ ಭದ್ರಾವತಿ, ಶಿವಮೊಗ್ಗಗಳ ನಡುವಿನ ಮಾಚೇನಹಳ್ಳಿಯಲ್ಲಿ ವಾಹನದ ಬಿಡಿಭಾಗಗಳನ್ನು ಎರಕ ಹೊಯ್ಯುವ ಫೌಂಡ್ರಿಗಳು ಬಂದವು. ಬೈಕ್ ಮೆಕ್ಯಾನಿಕ್ಕಿಗೂ ಕಬ್ಬಿಣದ ಕಾರ್ಖಾನೆಗೂ ನೇರ ಸಂಬಂಧ ಕಲ್ಪಿಸಬೇಕಾಗಿಲ್ಲ. ಆದರೆ ಬಿ.ಎಚ್. ರಸ್ತೆಯ ಗ್ಯಾರೇಜಿನವನು ಬೋರಿಗೆ ಬಂದಿದೆ ಎಂದು ಧೈರ್ಯವಾಗಿ ಹೇಳಬಲ್ಲವನಾಗಿದ್ದರೆ, ಆ ಬ್ಯಾರಲ್ಲನ್ನು ನೆಚ್ಚಿ ಕೊಡಬಹುದಾದ ಲೇತ್ ಅಂಗಡಿ ಹತ್ತಿರದಲ್ಲೇ ಇದ್ದದ್ದು ಅದಕ್ಕೊಂದು ಕಾರಣ ಎಂದು ನನ್ನ ತರ್ಕ. ಇವತ್ತಿನ ಕೆಲವು ಬೈಕುಗಳ ಅಲ್ಯೂಮಿನಿಯಂ ಬ್ಯಾರಲ್‌ಗೆ ಒಳಗೆ ತೆಳುವಾದ ನಿಕ್ಕಲ್ ಲೇಪವಿದೆ. ಅದನ್ನು ಕೊರೆಯುವಂತಿಲ್ಲ, ಬದಲಿಸಬೇಕಷ್ಟೆ. ಲೇತಿನ ಮೇಸ್ತ್ರಿ ಈ ಕಥೆಯಿಂದ ಆಚೆ ಹೋದದ್ದು ಹಾಗೆ.

ಯಮಾಹಾ ಆರ್‌ಎಕ್ಸ್ 100 ಬಂದದ್ದು 1985ರಲ್ಲಿ. ಎರಡು ವರ್ಷಕ್ಕೆ, 1987ರಲ್ಲಿ, ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ಜ್ಞಾನಸಹ್ಯಾದ್ರಿ ಆವರಣ ಎದ್ದದ್ದು ಶಂಕರಘಟ್ಟದಲ್ಲಿ, ಭದ್ರಾ ಅಣೆಕಟ್ಟೆಗೆ ಅನತಿದೂರದಲ್ಲಿ. ಆರ್‌ಎಕ್ಸ್ 100 ಬರೀ 98 ಸಿಸಿಯ ಹಗುರ ಗಾಡಿ, ಆಯಿಲ್ಲಿಗೆ ಪ್ರತ್ಯೇಕ ಪಂಪ್, ಕ್ಷಣಕ್ಕೆ ಸಿಡಿಯುವ ಪಿಕಪ್. ಭದ್ರಾವತಿ, ಶಿವಮೊಗ್ಗದ ಕಡೆಯಿಂದ ಆ ಆವರಣಕ್ಕೆ ದಿನಾ ಓಡಾಡಬೇಕಾದ ದೂರಕ್ಕೆ ಇಂಥ ಗಾಡಿ ಹೇಳಿ ಮಾಡಿಸಿದಂತಿತ್ತು. ಹಳೇ ವಿದ್ಯೆಯ ದೌರ್ಬಲ್ಯ ಹೊರಬಿದ್ದದ್ದೂ ಈ ಪಂಪಿನ ವಿಷಯದಲ್ಲೇ. ಪಂಪನ್ನು ನಂಬದೆ ಟ್ಯಾಂಕಿಗೂ ಒಂದಿಷ್ಟು ಆಯಿಲ್ ಸುರಿಯುವ ಪದ್ಧತಿ ಹರಡಿತ್ತು. ಎಂಜಿನ್ನಿಗೆ ಒಳ್ಳೆಯದು ಎಂಬ ನಂಬಿಕೆ. ಆದದ್ದು ಉಲ್ಟಾ. ಜೆಟ್ಟಿನ ತೂತು ಅಷ್ಟೇ ಇರುವಾಗ ಅದರಲ್ಲಿ ಆಯಿಲ್ ಹೆಚ್ಚಾದಷ್ಟೂ ಪೆಟ್ರೋಲು ಕಡಿಮೆ. ಕಿಂಡಿಗೆ, ಸೈಲೆನ್ಸರಿಗೆ ಇಂಗಾಲ ಬೇಗ ಕಟ್ಟಿ, ಪಿಕಪ್ ಇಲ್ಲವೆಂಬ ದೂರು ಬೇಗ ಬರುತ್ತದೆ. ಸೈಲೆನ್ಸರಿನೊಳಗಿನ ಕೊಳವೆ ಕಿತ್ತು ಸದ್ದು ಹೆಚ್ಚಿಸಿದರೆ ಶಕ್ತಿ ಹೆಚ್ಚುತ್ತದೆ ಎಂಬುದೂ ಇಂಥದೇ ಮೂಢನಂಬಿಕೆ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರಿನ ಆಕಾರವೂ ಎಂಜಿನ್ನಿನ ಭಾಗವೇ. ಹಿಂದಕ್ಕೆ ತಿರುಗಿ ಬರುವ ಒತ್ತಡದ ಅಲೆ ಹೊಸ ಮಿಶ್ರಣ ಸೋರಿಹೋಗದಂತೆ ತಡೆಯುತ್ತದೆ. ಲಕ್ಷಣದಿಂದ ಕಾರಣಕ್ಕೆ ಹೋಗುವುದರಲ್ಲಿ ಈ ಮೇಸ್ತ್ರಿಗಳು ಗಟ್ಟಿಗರು. ಕಾರಣದಿಂದ ಸಿದ್ಧಾಂತಕ್ಕೆ ಹೋಗುವಾಗ ಎಡವುತ್ತಿದ್ದರು.

ಆಮೇಲಿನ ಬದಲಾವಣೆ ಗ್ಯಾರೇಜಿನಿಂದ ಬಂದದ್ದಲ್ಲ, ಸರ್ಕಾರದ ಹೊಗೆ ನಿಯಮಗಳಿಂದ ಬಂದದ್ದು. 1991ರಲ್ಲಿ ಮೊದಲ ಮಿತಿ, 1996ರಲ್ಲಿ ಬಿಗಿ, 2000ದಲ್ಲಿ ಇನ್ನೂ ಬಿಗಿ. ಟೂ ಸ್ಟ್ರೋಕ್ ಬೈಕುಗಳು ಒಂದೊಂದಾಗಿ ಹೋದವು. 1985ರಲ್ಲೇ ಹೀರೊ ಹೊಂಡಾ ಸಿಡಿ 100 ರೂಪದಲ್ಲಿ ಬಂದಿದ್ದ ಫೋರ್ ಸ್ಟ್ರೋಕ್, 1994ರ ಸ್ಪ್ಲೆಂಡರ್ ನಂತರ ಊರೂರು ತುಂಬಿತು. ಆಯಿಲ್ ಒಳಗೇ ಉಳಿಯಿತು, ಹೊಗೆ ಬಂದರೆ ರಿಂಗ್ ಅಥವಾ ವಾಲ್ವ್ ಸೀಲ್ ಎಂಬಷ್ಟಕ್ಕೆ ಗುರುತುಗಳು ಕಡಿಮೆಯಾದವು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದು ಹೆಚ್ಚುಕಡಿಮೆ ಎಲ್ಲ ಪೆಟ್ರೋಲ್ ಬೈಕುಗಳಲ್ಲೂ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಕೂತಿತು. ಗಾಳಿ ಪೆಟ್ರೋಲಿನ ಲೆಕ್ಕವನ್ನು ಈಗ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ತಿದ್ದುತ್ತದೆ. ತಿದ್ದುತ್ತಲೇ ಇರುವುದರಿಂದ ರೋಗ ಬಹಳ ಮುಂದುವರಿಯುವವರೆಗೆ ಪ್ಲಗ್ಗಿನ ಬಣ್ಣ ಕೆಡುವುದೇ ಇಲ್ಲ. ಮೇಸ್ತ್ರಿಯ ಕಣ್ಣು ಮಂಜಾದದ್ದಲ್ಲ, ನೋಡಲು ಹೊರಗೆ ಏನೂ ಉಳಿದಿಲ್ಲ.

ಸ್ಕ್ಯಾನರ್ ಬಂದ ಮೇಲೆ ಅಂದಾಜಿಗೆ ಜಾಗವೇ ಇಲ್ಲ ಎಂಬ ವಾದಕ್ಕೆ ಇಲ್ಲೇ ಉತ್ತರ ಹೇಳಬೇಕು. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ ಎಂಬ ಕೋಡ್ ಬಂತೆನ್ನಿ. ಅದು ಸೆನ್ಸರ್ ಕಂಡದ್ದರ ವರದಿ, ಕಾರಣ ಹೇಳಿದ್ದಲ್ಲ. ಪಂಪಿನ ಒತ್ತಡ ಇರಬೇಕಾದ ಸುಮಾರು 3 ಬಾರ್‌ಗಿಂತ ಇಳಿದಿರಬಹುದು, ಇಂಜೆಕ್ಟರ್ ಕಟ್ಟಿರಬಹುದು, ಥ್ರಾಟಲ್ ಬಾಡಿಯ ರಬ್ಬರ್ ಸೀಳಿ ಗಾಳಿ ನುಗ್ಗುತ್ತಿರಬಹುದು, ಸೈಲೆನ್ಸರ್ ಜೋಡಣೆಯಲ್ಲಿ ಸೋರಿಕೆಯಿದ್ದು ಸೆನ್ಸರೇ ಮೋಸ ಹೋಗಿರಬಹುದು. ಕೋಡ್ ನೋಡಿ ಸೆನ್ಸರ್ ಬದಲಿಸಿ ಬಿಲ್ ಮಾಡುವವನಿಗಿಂತ, ಡೈನಮೋ ಕಡೆಯ ಸೀಲನ್ನು ಎಂಜಿನ್ ಬಿಚ್ಚದೆ ಹಿಡಿಯುತ್ತಿದ್ದವನ ತರ್ಕವೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಅವನಿಗೆ ಇಲ್ಲದ್ದು ಸಾಧನ ಮತ್ತು ಕಂಪನಿ ಬಿಟ್ಟುಕೊಡದ ಮಾಹಿತಿ.

ಎರಡನೆಯ ಜಾತಿಯ ದೂರಿಗೆ ಬರೋಣ. ಇಲ್ಲಿ ಅರವತ್ತು ವರ್ಷಗಳಲ್ಲಿ ಬಹಳಷ್ಟು ಬದಲಾಗಿಲ್ಲ, ನನ್ನ ವಾದಕ್ಕೆ ಬಲವಾದ ಆಧಾರವೂ ಇದೇ. ಹ್ಯಾಂಡಲ್ ಅಲ್ಲಾಡುವುದಕ್ಕೆ ಕಾರಣಗಳು ಹಲವು, ಸವಾರನಿಗೆ ಅನ್ನಿಸುವುದು ಮಾತ್ರ ಒಂದೇ. ಆದ್ದರಿಂದ ಅಗ್ಗದ್ದರಿಂದ ದುಬಾರಿಯ ಕಡೆಗೆ ನೋಡುತ್ತ ಹೋಗುವುದು ಕ್ರಮ. ಮೊದಲು ಟೈರಿನ ಗಾಳಿ. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಹ್ಯಾಂಡಲ್ ಭಾರವಾಗಿ ತಡವಾಗಿ ತಿರುಗುತ್ತದೆ, ಹಿಂದೆ ಕಡಿಮೆಯಿದ್ದರೆ ತಿರುವಿನಲ್ಲಿ ಬಾಲ ಬೀಸುತ್ತದೆ. ಆಮೇಲೆ ಚಕ್ರ ಎತ್ತಿ ತಿರುಗಿಸಿ ಬೆಂಡ್ ನೋಡುವುದು, ಸ್ಪೋಕುಗಳನ್ನು ಪಾನಾದಿಂದ ತಟ್ಟಿ ಸದ್ದು ಕೇಳುವುದು. ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಮುಂದಿನ ಚಕ್ರ ಎತ್ತಿಯೇ ಹ್ಯಾಂಡಲನ್ನು ನಿಧಾನ ತಿರುಗಿಸಿದಾಗ ನಡುವಿನಲ್ಲಿ ಕಚ್ಚಿದಂತಾದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್, ಹೋಗಿದೆ. ನೆಟ್ಟಗೆ ಓಡುವಾಗ ಬಿದ್ದ ಏಟುಗಳೆಲ್ಲ ಒಂದೇ ಜಾಗದಲ್ಲಿ ಗುಂಡುಗಳ ಗುಳಿ ಮಾಡಿರುತ್ತವೆ. ಅಂಥ ಗಾಡಿ ನಿಧಾನಕ್ಕೆ ಹೋಗುವಾಗ ನೇರ ನಿಲ್ಲದೆ ಆ ಕಡೆ ಈ ಕಡೆ ತೂರಾಡುತ್ತದೆ. ಕೋನ್ ಸಡಿಲವಿದ್ದರೆ ಬ್ರೇಕ್ ಹಿಡಿದಾಗ ಟಕ್ ಎನ್ನುತ್ತದೆ, ಅತಿ ಬಿಗಿಯಾದರೂ ಗಾಡಿ ನೇರ ಹೋಗದು. ಸಡಿಲವೇ ರೋಗ ಎಂದು ಬಿಗಿ ಮಾಡುತ್ತ ಹೋಗುವವರು ಇದನ್ನು ಮರೆಯುತ್ತಾರೆ. ಕೊನೆಗೆ ಸ್ವಿಂಗ್ ಆರ್ಮ್. ಹಿಂದಿನ ಚಕ್ರ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದಾಗ ಚಕ್ರ ಮಾತ್ರ ಅಲ್ಲಾಡಿದರೆ ಬೇರಿಂಗ್, ಆರ್ಮೂ ಜೊತೆಗೆ ಅಲ್ಲಾಡಿದರೆ ಬುಷ್.

ಮಲೆನಾಡಿನ ಸುತ್ತು ಈ ಪಟ್ಟಿಗೆ ತನ್ನದೇ ಸಂಗತಿಗಳನ್ನು ಸೇರಿಸಿದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯೂ, ನಾಲೆಯ ನೀರಿನ ಗದ್ದೆಬಯಲಿನ ಭದ್ರಾವತಿಯೂ ಒಂದೇ ಜಿಲ್ಲೆಯಲ್ಲಿವೆ. ಕೆಸರು ನೀರು ಕೋನಿನ ಗ್ರೀಸನ್ನು ತೊಳೆದು ತುಕ್ಕು ಹಿಡಿಸುತ್ತದೆ, ಫೋರ್ಕಿನ ಆಯಿಲ್ ಸೀಲನ್ನು ಗೀರುತ್ತದೆ. ಜಾವಾದ ಚೈನನ್ನು ಪೂರ್ತಿ ಮುಚ್ಚಿದ್ದ ಡಬ್ಬಿ ಈ ಕೆಸರಿಗೆ ಒಳ್ಳೆಯ ಉತ್ತರವಾಗಿತ್ತು. ಚೈನ್ ಬೇಗ ಸವೆಯದಿದ್ದರೆ ಬಿಗಿ ಮಾಡುವ ಕೆಲಸ ಕಡಿಮೆ, ಬಿಗಿ ಮಾಡುವಾಗ ಎರಡು ಬದಿಯ ಗುರುತು ತಪ್ಪಿಸಿ ಚಕ್ರವನ್ನು ಸೊಟ್ಟ ಕೂರಿಸುವ ತಪ್ಪೂ ಕಡಿಮೆ. ಅಂದ ಹೋಗುತ್ತದೆಂದು ಈಗಿನ ಹಲವು ಬೈಕುಗಳಲ್ಲಿ ಅದನ್ನು ಬಿಟ್ಟಿದ್ದಾರೆ. ನನ್ನ ಮಟ್ಟಿಗೆ ಮಲೆನಾಡಿಗೆ ಅದು ನಷ್ಟ. ಅಡಿಕೆ ಮೂಟೆ, ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರ್ ಹೊರುವ ಹಿಂದಿನ ಶಾಕ್ ಅಬ್ಸಾರ್ಬರ್ ಕುಸಿದರೆ ಗಾಡಿಯ ಮೂತಿ ಎತ್ತಿಕೊಂಡು ಮುಂದಿನ ಚಕ್ರದ ಮೇಲಿನ ಭಾರ ಇಳಿಯುತ್ತದೆ. ಆಗಲೂ ಅಲ್ಲಾಡುವುದು ಹ್ಯಾಂಡಲೇ, ಆದರೆ ರೋಗ ಇರುವುದು ಹಿಂದೆ.

ಹ್ಯಾಂಡ್ಲಿಂಗ್ ಕೂಡ ಇನ್ನು ಎಲೆಕ್ಟ್ರಾನಿಕ್ಸಿನ ಪಾಲಾಗುತ್ತದೆ, 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯವಾಗಿಲ್ಲವೇ ಎಂದು ಕೇಳಬಹುದು. ಎಬಿಎಸ್ಸಿನ ಕಣ್ಣು ಚಕ್ರದ ಪಕ್ಕದ ಹಲ್ಲಿನ ಬಳೆಯ ಮೇಲೆ. ಬಳೆಗೂ ಸೆನ್ಸರಿಗೂ ನಡುವೆ ಕೂದಲೆಳೆಯಷ್ಟು ಅಂತರವಿರಬೇಕು. ಚಕ್ರದ ಬೇರಿಂಗ್ ಸವೆದು ಆ ಅಂತರ ಏರುಪೇರಾದರೆ ಮೀಟರಿನಲ್ಲಿ ದೀಪ ಹೊತ್ತುತ್ತದೆ. ಸ್ಕ್ಯಾನರ್ ಹಚ್ಚಿದರೆ ಅದು ತೋರಿಸುವುದು ಚಕ್ರದ ವೇಗದ ಸೆನ್ಸರಿನ ದೋಷವನ್ನು. ಬೇರಿಂಗ್ ಎಂಬ ಮಾತು ಅದರಲ್ಲಿ ಬರುವುದಿಲ್ಲ. ಸೆನ್ಸರ್ ಬದಲಿಸಿದ ಮೇಲೂ ದೀಪ ಮತ್ತೆ ಹೊತ್ತಿದಾಗ, ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡಬೇಕಾಗುತ್ತದೆ.