ಗೇಟು ನೆನಪಿದೆ, ಸರದಿ ಮರೆತಿದೆ: ಪುಣೆಯ ನೀರಿನ ಕಥೆ

ಈ ವಾರದ ಮಾತು ಪುಣೆಯ ನೀರಿನ ಇತಿಹಾಸದ ಬಗ್ಗೆ. ವಿಡಿಯೋ ನೋಡೋಕೆ ಸಮಯ ಇಲ್ಲದವರು ಇಲ್ಲಿ ಓದಿಕೊಳ್ಳಬಹುದು. ಮಾತಾಡುವಾಗ ಬಿಟ್ಟುಹೋಗಿದ್ದ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೀನಿ.

ಇತಿಹಾಸಕ್ಕೆ ಹೋಗೋ ಮುಂಚೆ ನನ್ನದೇ ಒಂದು ಪಜೀತಿ ಹೇಳಿಬಿಡ್ತೀನಿ. ನಾನಿರೋದು ಪುಣೆಯ ಪೂರ್ವದ ಅಂಚಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಎ, ಬಿ, ಸಿ ಅಂತ ಮೂರು ವಿಂಗ್. ಮಾರ್ಚ್ ಮುಗೀತು ಅಂದ್ರೆ ನಮ್ಮಲ್ಲಿ ಟ್ಯಾಂಕರ್ ಶುರು. ಟ್ಯಾಂಕರ್ ನೀರು ಕೆಳಗಿನ ಸಂಪಿಗೆ ಬೀಳುತ್ತೆ, ಅಲ್ಲಿಂದ ಮೋಟರ್ ಹಾಕಿ ಮೂರೂ ವಿಂಗಿನ ಮೇಲಿನ ಟ್ಯಾಂಕಿಗೆ ಏರಿಸಬೇಕು. ಈ ಕೆಲಸ ಮಾಡ್ತಿದ್ದವರು ನಮ್ಮ ವಾಲ್ವ್ ಕಾಕಾ. ಬೆಳಗ್ಗೆ ಆರಕ್ಕೆ ಬರೋರು, ಒಂದು ವಾಲ್ವ್ ತಿರುವೋರು, ಬೀಡಿ ಸೇದೋರು, ಗಡಿಯಾರ ನೋಡಿ ಇನ್ನೊಂದು ತಿರುವೋರು. ಕಿಸೆಯಲ್ಲಿ ಒಂದು ಮಾಸಲು ನೋಟ್‌ಬುಕ್.

ನಾನು ಎಂಟೆಕ್ ಮಾಡಿದವನು, ಸಾಫ್ಟ್‌ವೇರಿನಲ್ಲಿ ಹತ್ತು ವರ್ಷ ಕಳೆದವನು. ಇದನ್ನು ನೋಡಿ ಸುಮ್ಮನಿರೋಕೆ ಆಗುತ್ತಾ? ಸೊಸೈಟಿ ಮೀಟಿಂಗಿನಲ್ಲಿ ಕೈ ಎತ್ತಿದೆ. ಟ್ಯಾಂಕಿಗೊಂದು ಸೆನ್ಸರ್, ಪೈಪಿಗೊಂದು ಮೋಟರ್ ವಾಲ್ವ್, ಎಲ್ಲರ ಫೋನಿಗೊಂದು ಆ್ಯಪ್. ಯಾವ ಟ್ಯಾಂಕಿನ ನೀರು ಕೆಳಗಿಳಿಯುತ್ತೋ ಅದು ಮೊದಲು ಕೇಳುತ್ತೆ. ಮೊದಲು ಕೇಳಿದ್ದಕ್ಕೆ ಮೊದಲು ತುಂಬಿಸಿ ಕೊಡೋದು. ಎರಡು ಭಾನುವಾರದಲ್ಲಿ ಎಲ್ಲ ಕೂಡಿಸಿದೆ. ಚಪ್ಪಾಳೆ ಬಿತ್ತು. ಕಾಕಾರಿಗೆ ಬೇರೆ ಕೆಲಸ ಕೊಟ್ಟೆವು.

ಏಪ್ರಿಲ್ ಎರಡನೇ ವಾರದಲ್ಲಿ ಸಿ ವಿಂಗಿನ ಒಬ್ಬ ಅಜ್ಜಿ ಖಾಲಿ ಬಕೆಟ್ ಹಿಡಿದು ನಮ್ಮ ಬಾಗಿಲಿಗೆ ಬಂದರು. ಮೂರು ದಿನದಿಂದ ಅವರ ನಲ್ಲಿಯಲ್ಲಿ ನೀರಿಲ್ಲ. ಆ್ಯಪ್ ಹೊಸ ಅಪ್‌ಡೇಟ್ ಕೇಳುತ್ತೆ, ಅಪ್‌ಡೇಟ್ ಹಳೇ ಫೋನಿಗೆ ಇಳಿಯೋದಿಲ್ಲ, ಒಟಿಪಿ ಅಮೆರಿಕದಲ್ಲಿರೋ ಮಗನ ನಂಬರಿಗೆ ಹೋಗುತ್ತೆ. ದೂರು ಕೊಡೋಕೂ ದಾರಿ ಇಲ್ಲ. ಆಗ ಧಾರವಾಡದಿಂದ ನಮ್ಮವ್ವ ಬಂದಿದ್ದಳು. ಎಂಟು ದಿನಕ್ಕೊಮ್ಮೆ ನೀರು ಬರೋ ಓಣಿಯಲ್ಲಿ ಸಂಸಾರ ಮಾಡಿದವಳು. ಅಜ್ಜಿಗೆ ಎರಡು ಕೊಡ ನೀರು ಕೊಟ್ಟು ನನ್ನ ಕಡೆ ತಿರುಗಿ, "ನಳಾ ತಿರುವಿದ್ರ ನೀರ ಬರಬೇಕಪಾ, ಫೋನ ತಿಕ್ಕಿದ್ರ ಅಲ್ಲ" ಅಂದಳು.

ನಾನು ರಾತ್ರಿಯೆಲ್ಲ ಕೋಡ್ ನೋಡಿದೆ. ಬಗ್ ಇರಲೇ ಇಲ್ಲ. ಹಾಗಾದ್ರೆ ಎಲ್ಲಿ ತಪ್ಪಿತು? ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಇವತ್ತಿನ ಕಥೆ. ಈ ಊರಿಗೆ ಈ ಪ್ರಶ್ನೆ ಹೊಸದಲ್ಲ.

ಮೊದಲ ನಿಲ್ದಾಣ 1750ರ ಆಸುಪಾಸು. ನಾನಾಸಾಹೇಬ್ ಪೇಶ್ವೆಯ ಕಾಲ. ಪುಣೆ ಬೆಳೀತಾ ಇತ್ತು, ಮುಠಾ ನದಿ ಬೇಸಿಗೆಯಲ್ಲಿ ಸೊರಗುತ್ತಿತ್ತು. ಊರಿನ ದಕ್ಷಿಣಕ್ಕೆ ಕಾತ್ರಜ್ ಗುಡ್ಡದ ಬುಡದಲ್ಲಿ ಕೆರೆ ಕಟ್ಟಿಸಿ, ಅಲ್ಲಿಂದ ಶನಿವಾರವಾಡಾದವರೆಗೆ ನೆಲದಡಿಯಲ್ಲಿ ಕಲ್ಲು ಗಾರೆಯ ಕಾಲುವೆ ತಂದರು. ಮನುಷ್ಯ ಒಳಗೆ ಇಳಿದು ಶುಚಿ ಮಾಡುವಷ್ಟು ದೊಡ್ಡ ಕಾಲುವೆ. ಮಧ್ಯೆ ಮಧ್ಯೆ ಗಾಳಿಗೆ ಕಿಂಡಿಗಳು. ಅವಕ್ಕೆ 'ಉಚ್ಛ್ವಾಸ' ಅಂತ ಹೆಸರು. ಪಂಪ್ ಇಲ್ಲ, ಏನಿಲ್ಲ, ಬರೀ ಇಳಿಜಾರಿನ ಮೇಲೆ ನೀರು ಹರಿದು ಬರಬೇಕು.

ಈ ಕಾಲುವೆ ಅರಮನೆಗೆ ಹೋಗಿ ನಿಲ್ಲಲಿಲ್ಲ ಅನ್ನೋದು ಮುಖ್ಯ. ದಾರಿಯಲ್ಲಿ ಪೇಟೆ ಪೇಟೆಗೆ ಹೌದ ಕಟ್ಟಿಸಿದರು. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಹೌದ ಅಂದ್ರೆ ಗೊತ್ತು, ನೀರಿನ ತೊಟ್ಟಿ. ಕಾಳಾ ಹೌದ, ಸದಾಶಿವ ಪೇಟೆಯ ಹೌದ, ಬಾಹುಲಿ ಹೌದ ಅಂತ ಹೆಸರುಗಳು. ಹೌದದಲ್ಲಿ ಎಷ್ಟು ನೀರಿದೆ ಅಂತ ಬಗ್ಗಿ ನೋಡಿದ್ರೆ ಸಾಕು. ನೀರು ತೀರಿದ್ರೆ ಅದೂ ಎಲ್ಲರಿಗೂ ಒಟ್ಟಿಗೇ ಕಾಣುತ್ತೆ. ಜಾತಿಯ ಗೋಡೆಗಳು ಆ ನೀರಿನ ಸುತ್ತಲೂ ಇದ್ದವು, ಅದನ್ನು ಮರೆಯಬಾರದು. 1868ರಲ್ಲಿ ಮಹಾತ್ಮ ಜೋತಿಬಾ ಫುಲೆ ತಮ್ಮ ಮನೆಯ ಹೌದವನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದಿಟ್ಟದ್ದು ಇದೇ ಪುಣೆಯಲ್ಲಿ. ನೀರು ಇದ್ದರೆ ಸಾಲದು, ಯಾರಿಗೆ ಸಿಗುತ್ತೆ ಅನ್ನೋದೂ ಅಷ್ಟೇ ದೊಡ್ಡ ಪ್ರಶ್ನೆ ಅಂತ ಈ ಊರಿಗೆ ಆಗಲೇ ಗೊತ್ತಿತ್ತು.

ಎರಡನೇ ನಿಲ್ದಾಣ ಖಡಕ್‌ವಾಸ್ಲಾ. ಬ್ರಿಟಿಷರು 1870ರ ದಶಕದಲ್ಲಿ ಮುಠಾ ನದಿಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟು ಕಟ್ಟಿದರು. ಎಂಜಿನಿಯರ್ ಫೈಫ್ ಹೆಸರಲ್ಲಿ ಆ ಜಲಾಶಯಕ್ಕೆ ಲೇಕ್ ಫೈಫ್ ಅನ್ನುತ್ತಿದ್ದರು. ದಂಡು ಪ್ರದೇಶಕ್ಕೆ, ಊರಿಗೆ ಕುಡಿಯೋ ನೀರು, ಮುಂದೆ ಕಾಲುವೆ ಮೂಲಕ ಬಯಲುಸೀಮೆಯ ಹೊಲಗಳಿಗೆ ನೀರು. ಅಂದ್ರೆ ಒಂದೇ ಪಾತ್ರೆ, ಇಬ್ಬರು ಕೇಳುವವರು. ಇದನ್ನು ನೆನಪಿಟ್ಟುಕೊಳ್ಳಿ.

ಈಗ ನಮ್ಮವರೊಬ್ಬರು ಈ ಕಥೆಯೊಳಗೆ ಬರ್ತಾರೆ. ಮುದ್ದೇನಹಳ್ಳಿಯ ಹುಡುಗ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯ ಕಾಲೇಜ್ ಆಫ್ ಸೈನ್ಸಿಗೆ ಬಂದವರು. ಅದೇ ಇವತ್ತಿನ ಸಿಒಇಪಿ. 1883ರಲ್ಲಿ ಎಂಜಿನಿಯರಿಂಗ್ ಮುಗಿಸಿ ಮರುವರ್ಷ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಹೌದು, ಎಂ. ವಿಶ್ವೇಶ್ವರಯ್ಯ. ನಾವು ಅವರನ್ನು ಕೆಆರ್‌ಎಸ್ ಮೂಲಕ ಬಲ್ಲೆವು. ಆದ್ರೆ ಅವರ ಎಂಜಿನಿಯರ್ ಬದುಕಿನ ಮೊದಲ ಎರಡು ದಶಕಗಳು ಕಳೆದದ್ದು ಹೆಚ್ಚಾಗಿ ಈ ಮರಾಠಿ ಸೀಮೆಯಲ್ಲಿ.

ಖಡಕ್‌ವಾಸ್ಲಾದಲ್ಲಿ ಒಂದು ತೊಂದರೆ ಇತ್ತು. ಮಳೆಗಾಲದಲ್ಲಿ ಜಲಾಶಯ ತುಂಬಿ, ಹೆಚ್ಚಾದ ನೀರು ಕೋಡಿ ಮೇಲೆ ಹರಿದು ಹೋಗ್ತಿತ್ತು. ಬೇಸಿಗೆಯಲ್ಲಿ ಅದೇ ನೀರಿಗೆ ಪರದಾಟ. ಅಣೆಕಟ್ಟು ಎತ್ತರಿಸೋಣ ಅಂದ್ರೆ ಖರ್ಚು, ಹಳೇ ಗೋಡೆ ತಡೆಯುತ್ತಾ ಅನ್ನೋ ಭಯ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ತಾವೇ ವಿನ್ಯಾಸ ಮಾಡಿದ ಸ್ವಯಂಚಾಲಿತ ಗೇಟುಗಳನ್ನು ಇಟ್ಟರು. 1903ರಲ್ಲಿ ಅವು ಕೆಲಸ ಶುರು ಮಾಡಿದವು. ನೀರು ಗೊತ್ತುಮಾಡಿದ ಮಟ್ಟ ಮುಟ್ಟುವವರೆಗೆ ಗೇಟು ಮುಚ್ಚಿರುತ್ತೆ. ಮಟ್ಟ ದಾಟಿತೋ, ನೀರಿನ ಭಾರದಿಂದಲೇ ಗೇಟು ತೆರೆದುಕೊಂಡು ಹೆಚ್ಚಿನ ನೀರನ್ನು ಬಿಡುತ್ತೆ. ಮಟ್ಟ ಇಳಿದರೆ ತಾನೇ ಮುಚ್ಚಿಕೊಳ್ಳುತ್ತೆ. ಮಧ್ಯರಾತ್ರಿ ಮಳೆಯಲ್ಲಿ ಓಡಿಹೋಗಿ ಯಾರೂ ಚಕ್ರ ತಿರುವಬೇಕಿಲ್ಲ. ಗೋಡೆ ಎತ್ತರಿಸದೆ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಲು ಸಾಧ್ಯವಾಯಿತು. ಸಂಗ್ರಹ ಸುಮಾರು ಕಾಲು ಭಾಗ ಹೆಚ್ಚಿತು. ಈ ವಿನ್ಯಾಸಕ್ಕೆ ಪೇಟೆಂಟ್ ಸಿಕ್ಕಿತು. ಮುಂದೆ ಇದೇ ಬಗೆಯ ಗೇಟುಗಳು ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೆ, ಆಮೇಲೆ ನಮ್ಮ ಕೆಆರ್‌ಎಸ್‌ಗೆ ಬಂದವು.

ನಾನು ಕಾಲೇಜಿನಲ್ಲಿ ಇಷ್ಟನ್ನು ಓದಿ ರೋಮಾಂಚನಗೊಂಡಿದ್ದೆ. ನನ್ನ ಸೆನ್ಸರ್ ವ್ಯವಸ್ಥೆಗೂ ಇದೇ ಸ್ಫೂರ್ತಿ ಅಂತ ಮೀಟಿಂಗಿನಲ್ಲಿ ಹೇಳಿಕೊಂಡಿದ್ದೂ ಉಂಟು. ಆದ್ರೆ ನಾನು ಓದಿದ್ದು ಅರ್ಧ ಕಥೆ.

ಉಳಿದ ಅರ್ಧ ಗೇಟಿಗಿಂತ ನಾಲ್ಕು ವರ್ಷ ಮೊದಲಿನದು. 1899ರಲ್ಲಿ ವಿಶ್ವೇಶ್ವರಯ್ಯ ಪುಣೆ ಭಾಗದ ನೀರಾವರಿಯ ಎಕ್ಸಿಕ್ಯುಟಿವ್ ಎಂಜಿನಿಯರ್. ಬಾರಾಮತಿ ಕಡೆ ಹೋಗುವ ನೀರಾ ಕಾಲುವೆಯಲ್ಲಿ ಒಂದು ಹಳೇ ರೋಗ. ಕಾಲುವೆಯ ತಲೆಯಲ್ಲಿರೋ ಹಳ್ಳಿಗಳು ಮೊದಲು ನೀರು ತಗೊಳ್ತಾರೆ, ಕಬ್ಬಿಗೆ ಹೊಲ ತುಂಬ ನಿಲ್ಲಿಸ್ತಾರೆ. ಅಲ್ಲಿ ನೆಲ ಜೌಗು ಹಿಡಿಯುತ್ತೆ. ಬಾಲದ ಹಳ್ಳಿಗಳಿಗೆ ಹೋಗೋಷ್ಟರಲ್ಲಿ ಕಾಲುವೆ ಒಣಗಿರುತ್ತೆ. ಇದಕ್ಕೆ ಅವರು ತಂದದ್ದು ಯಂತ್ರವಲ್ಲ, ಒಂದು ನಿಯಮ. ಅದೇ ಬ್ಲಾಕ್ ಪದ್ಧತಿ. ನೀರಾವರಿ ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಅವನ್ನು ಬೇರೆ ಬೇರೆ ಹಳ್ಳಿಗಳಿಗೆ ಹಂಚುವುದು. ಪ್ರತಿ ಬ್ಲಾಕಿನಲ್ಲೂ ಒಂದು ಭಾಗಕ್ಕೆ ಮಾತ್ರ ಕಬ್ಬಿನಂಥ ಹೆಚ್ಚು ನೀರಿನ ಬೆಳೆ, ಉಳಿದ ಭಾಗಕ್ಕೆ ಕಡಿಮೆ ನೀರಿನ ಬೆಳೆ, ವರ್ಷ ವರ್ಷ ಸರದಿ ಬದಲಾವಣೆ. ಇರೋ ನೀರನ್ನು ಕೆಲವರಿಗೆ ಹೊಟ್ಟೆ ತುಂಬ ಕೊಡೋ ಬದಲು ಹೆಚ್ಚು ಜನಕ್ಕೆ ಅಳತೆಯಲ್ಲಿ ಕೊಡೋದು.

ಇಂಥ ಸರದಿಯ ಯೋಚನೆ ಈ ನೆಲಕ್ಕೆ ಹೊರಗಿನದಲ್ಲ. ವಿಶ್ವೇಶ್ವರಯ್ಯ ನೌಕರಿಯ ಮೊದಲ ದಿನಗಳನ್ನು ಕಳೆದ ಖಾನದೇಶದಲ್ಲಿ, ಪಾಂಝರಾ ನದಿಯ ದಂಡೆಯಲ್ಲಿ, ಫಡ್ ಪದ್ಧತಿ ಅಂತ ಶತಮಾನಗಳ ರೂಢಿ ಇದೆ. ಹೊಲಗಳನ್ನು ಫಡ್‌ಗಳಾಗಿ ಮಾಡಿ, ಒಂದು ಫಡ್‌ಗೆ ಒಂದೇ ಬೆಳೆ ಅಂತ ರೈತರೇ ಕೂತು ಗೊತ್ತುಮಾಡ್ತಾರೆ. ಹೊಲಕ್ಕೆ ನೀರು ಬಿಡೋದು ರೈತನಲ್ಲ. ಎಲ್ಲರೂ ಸೇರಿ ನೇಮಿಸಿದ ಪಾಟಕರಿ. ನಮ್ಮ ವಾಲ್ವ್ ಕಾಕಾರ ಪೂರ್ವಜ ಅನ್ನಿ.

ಇಲ್ಲಿ ಓದ್ತಾ ಇದ್ದಾಗ ನನಗೆ ಕಪಾಳಕ್ಕೆ ಹೊಡೆದ ಹಾಗಾಯ್ತು. ನನ್ನ ಎ ವಿಂಗ್ ಕಾಲುವೆಯ ತಲೆ. ಸಿ ವಿಂಗ್ ಬಾಲ. ಸಂಪು ತುಂಬಿದ್ದಾಗ 'ಮೊದಲು ಕೇಳಿದವರಿಗೆ ಮೊದಲು, ಕೇಳಿದವರಿಗೆ ಪೂರ್ತಿ' ಅನ್ನೋ ನಿಯಮ ಚೆನ್ನಾಗಿಯೇ ನಡೀತು. ಬೇಸಿಗೆಯಲ್ಲಿ ಸಂಪು ಅರ್ಧವಾದಾಗ ಅದೇ ನಿಯಮ ಎ, ಬಿ ಟ್ಯಾಂಕುಗಳನ್ನು ಅಂಚಿನವರೆಗೆ ತುಂಬಿಸಿ, ಸಿಗೆ ತಳದ ಕೆಸರು ಕೊಟ್ಟಿತು. ಗೇಟು ಕಟ್ಟಿದೆ, ಸರದಿ ಕಟ್ಟಲಿಲ್ಲ.

ಕಥೆಯಲ್ಲಿ ಇನ್ನೊಂದು ದಿನ ಇದೆ, ಅದನ್ನು ಬಿಟ್ಟು ಪುಣೆಯ ನೀರಿನ ಮಾತು ಮುಗಿಯೋದಿಲ್ಲ. 1961ರ ಜುಲೈ 12. ಖಡಕ್‌ವಾಸ್ಲಾದ ಮೇಲ್ಭಾಗದಲ್ಲಿ ಅಂಬಿ ನದಿಗೆ ಪಾನಶೇತ್ ಮಣ್ಣಿನ ಅಣೆಕಟ್ಟು ಕಟ್ಟುತ್ತಿದ್ದರು. ಕೆಲಸ ಪೂರ್ತಿ ಮುಗಿಯದೆ ಮಳೆಗಾಲದ ನೀರು ನಿಂತಿತು. ಹಿಂದಿನ ರಾತ್ರಿಯೆಲ್ಲ ಸೈನಿಕರು ಮರಳು ಚೀಲ ಹೊತ್ತು ಒಡ್ಡು ಉಳಿಸಲು ಹೆಣಗಿದರು. ಬೆಳಗ್ಗೆ ಪಾನಶೇತ್ ಒಡೆಯಿತು, ಆ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾವೂ ಒಡೆಯಿತು. ಶನಿವಾರ ಪೇಟೆ, ನಾರಾಯಣ ಪೇಟೆ ಮುಳುಗಿದವು. ಆ ರಾತ್ರಿಯ ಸೈನಿಕರ ದುಡಿಮೆ ಕೆಲವು ತಾಸು ಉಳಿಸಿಕೊಟ್ಟಿತು, ನೀರು ಊರಿಗೆ ಬಂದದ್ದು ಜನ ಎದ್ದಿದ್ದ ಹಗಲು ಹೊತ್ತಿನಲ್ಲಿ. ಪ್ರವಾಹ ಇಳಿದ ಮೇಲೆ ಇನ್ನೊಂದು ಸಂಕಟ. ಊರಿನ ನೀರಿನ ಮೂಲವೇ ಹೋಗಿತ್ತು, ನಲ್ಲಿಗಳು ಒಣಗಿದವು. ಆಗ ಹಳೇ ಬಾವಿಗಳೂ ಕಾತ್ರಜ್ ನೀರಿನ ಹೌದಗಳೂ ಕೈಹಿಡಿದವು ಅಂತ ಇಲ್ಲಿನ ಹಿರಿಯರು ಈಗಲೂ ಹೇಳ್ತಾರೆ. ಹಳತು ಅಂತ ಬದಿಗಿಟ್ಟಿದ್ದು ಆಪತ್ತಿಗೆ ಆಯ್ತು. ಅಂದು ವಿಶ್ವೇಶ್ವರಯ್ಯನವರು ಬದುಕಿದ್ದರು, ವಯಸ್ಸು ನೂರರ ಆಸುಪಾಸು. ತಮ್ಮ ಗೇಟುಗಳ ಅಣೆಕಟ್ಟು ಹೋದ ಒಂಬತ್ತು ತಿಂಗಳಿಗೆ, 1962ರ ಏಪ್ರಿಲ್‌ನಲ್ಲಿ, ಅವರೂ ಹೋದರು.

ಇವತ್ತಿಗೆ ಬನ್ನಿ. ಖಡಕ್‌ವಾಸ್ಲಾವನ್ನು ಮತ್ತೆ ಕಟ್ಟಿದರು. ಪಾನಶೇತ್, ವರಸಗಾವ್, ಟೇಮ್‌ಘರ್ ಸೇರಿ ನಾಲ್ಕು ಜಲಾಶಯಗಳ ಸಾಮರ್ಥ್ಯ ಸುಮಾರು 29 ಟಿಎಂಸಿ. ಅದರಲ್ಲಿ ಖಡಕ್‌ವಾಸ್ಲಾದ ಪಾಲು ಬರೀ 2 ಟಿಎಂಸಿ ಸುತ್ತಮುತ್ತ. ಪಾತ್ರೆ ಅಷ್ಟು ದೊಡ್ಡದಾಯ್ತು. ಆದ್ರೂ ಪ್ರತಿ ಬೇಸಿಗೆ ಅದೇ ಜಗಳ. ಊರಿಗೆ ಎಷ್ಟು, ದೌಂಡ್ ಇಂದಾಪುರದ ಕಾಲುವೆಗೆ ಎಷ್ಟು? ಊರೊಳಗೆ ಹಳೇ ಪೇಟೆಗಳಿಗೆ ಎಷ್ಟು, ಅಂಚಿನ ಹೊಸ ಬಡಾವಣೆಗಳಿಗೆ ಎಷ್ಟು? ತಲೆ ಮತ್ತು ಬಾಲದ ಪ್ರಶ್ನೆ ಹಾಗೇ ಇದೆ. ನನ್ನಂಥವರು ಬಾಲದಲ್ಲಿ ಮನೆ ತಗೊಂಡು ಟ್ಯಾಂಕರಿಗೆ ದುಡ್ಡು ಕೊಡ್ತೀವಿ. ನಮಗಿಂತ ಆಚೆ, ಟ್ಯಾಂಕರ್ ತುಂಬಿಸಿಕೊಳ್ಳೋ ಬೋರ್‌ವೆಲ್ ಇರೋ ಹಳ್ಳಿ ನಮಗೂ ಬಾಲ.

ಸಮಸ್ಯೆ ತಂತ್ರಜ್ಞಾನದ್ದಲ್ಲ ಅಂತ ನಾನು ಹೇಳೋದಿಲ್ಲ. ಅಜ್ಜಿಯ ಒಟಿಪಿ ನನ್ನದೇ ತಪ್ಪು. ಆದ್ರೆ ಯಂತ್ರಕ್ಕೆ ನೀರನ್ನು ಹಿಡಿದಿಡೋದು, ಬಿಡೋದು ಗೊತ್ತು. ಕೊರತೆ ಬಂದಾಗ ಯಾರು ಎಷ್ಟು ಬಿಟ್ಟುಕೊಡಬೇಕು ಅನ್ನೋದನ್ನು ನಾವೇ ಕೂತು ತೀರ್ಮಾನಿಸಬೇಕು. ವಿಶ್ವೇಶ್ವರಯ್ಯ ಎರಡನ್ನೂ ಮಾಡಿದರು. ನಾವು ಎಂಜಿನಿಯರ್ಸ್ ಡೇಗೆ ಹಾರ ಹಾಕೋದು ಗೇಟಿಗೆ ಮಾತ್ರ.

ಕೊನೆಗೆ ಏನಾಯ್ತು ಅಂತ ಕೇಳ್ತೀರಿ. ನಾನು ಕಾಕಾರ ಹತ್ರ ಹೋಗಿ ಆ ನೋಟ್‌ಬುಕ್ ತೋರಿಸಿ ಅಂದೆ. ಮೊದಲು ಕೊಡಲಿಲ್ಲ. ಅವರಿಗೂ ಕೋಪ ಇತ್ತು, ಇರಬೇಕಾದ್ದೇ. ಆಮೇಲೆ ಚಹಾ ಕುಡೀತಾ ತೆಗೆದರು. ಒಳಗೆ ಮರಾಠಿಯಲ್ಲಿ ಮೂರೇ ಗೆರೆ: ಎ 40 ನಿಮಿಷ, ಬಿ 40, ಸಿ 55, ನೀರು ಕಮ್ಮಿ ಇದ್ದ ದಿನ ಸಿಯಿಂದ ಶುರು. ಯಾಕೆ ಕಾಕಾ ಅಂತ ಕೇಳಿದೆ. "ಅದು ದೂರ ಇದೆ ಅಲ್ವಾ, ಪೈಪ್ ತುಂಬೋಕೇ ಹೊತ್ತು ಹಿಡಿಯುತ್ತೆ" ಅಂದರು.

ಈಗ ನನ್ನ ಕೋಡಿನಲ್ಲಿ ಆ ಮೂರು ಗೆರೆಗಳೇ ನಿಯಮ. ಸೆನ್ಸರ್ ಟ್ಯಾಂಕ್ ತುಂಬಿ ಹರಿಯದಂತೆ ನೋಡ್ಕೊಳ್ಳುತ್ತೆ, ಅಷ್ಟೇ. ವಾಲ್ವಿಗೆ ಕಾಕಾ ಮತ್ತೆ ಬಂದಿದ್ದಾರೆ. ಇವತ್ತು ಎಷ್ಟು ನೀರು, ಯಾರ ಸರದಿ ಅಂತ ಗೇಟಿನ ಹತ್ರ ಒಂದು ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೀತಾರೆ. ಸಿ ವಿಂಗಿನ ಅಜ್ಜಿ ಬೆಳಗಿನ ವಾಕಿಂಗಿಗೆ ಹೋಗುವಾಗ ಅದನ್ನು ಓದಿಕೊಂಡು ಹೋಗ್ತಾರೆ.

ನಿಮ್ಮ ಓಣಿಯಲ್ಲಿ, ನಿಮ್ಮ ಊರಿನ ಕೆರೆ ಕಾಲುವೆಯಲ್ಲಿ ಇಂಥ ಸರದಿಯ ರೂಢಿ ಏನಾದ್ರೂ ಇತ್ತಾ? ನೀರಗಂಟಿ ಅಂತಲೋ ಇನ್ನೇನೋ ಹೆಸರಲ್ಲಿ ನೀರು ಬಿಡೋರು ಇದ್ದರಾ? ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ, ಗೊತ್ತಾದ್ರೆ ನನಗೂ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.