ಬೆಣ್ಣೆ ಚಾವಡಿಯೂ ಹೈ ಪ್ರೋಟೀನ್ ಐಸ್ ಕ್ರೀಮೂ

ನಮ್ಮ ಆಫೀಸಿನಲ್ಲಿ ಜಿಮ್ಮಿಗೆ ಹೋಗೋರೆಲ್ಲ ಈಗ ಮನೆಯಲ್ಲೇ ಹೈ ಪ್ರೋಟೀನ್ ಐಸ್ ಕ್ರೀಮ್ ಮಾಡ್ತಾರೆ. ಒಂದು ಡಬ್ಬ ಪುಡಿ, ಒಂದು ಮಿಕ್ಸಿ, ಆಮೇಲೆ ಫ್ರೀಜರ್. ನಾನೂ ಮಾಡ್ತೀನಿ, ಡಬ್ಬದ ಪುಡಿ ಇಲ್ಲದೆ. ಆದರೆ ಕಡೂರು ಸೀಮೆಯವನಾದ್ದರಿಂದ ಹಾಲಿನ ಮಾತು ಬಂದಾಗಲೆಲ್ಲ ತಲೆ ಅಜ್ಜಂಪುರದ ಕಡೆಗೇ ಓಡುತ್ತೆ.

ಅಜ್ಜಂಪುರ ಅಂದರೆ ಅಮೃತ ಮಹಲ್ ತಳಿ ಕೇಂದ್ರ. (ಊರು ಮೊದಲು ತರೀಕೆರೆ ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು.) ಈ ಹಸುಗಳ ಇಲಾಖೆಯ ಮೊದಲ ಹೆಸರು ಬೆಣ್ಣೆ ಚಾವಡಿ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಇದನ್ನು ಕಟ್ಟಿದರು. ಹೆಸರೇ ಹೇಳುವ ಹಾಗೆ ಅರಮನೆಗೆ ಬೇಕಿದ್ದದ್ದು ಬೆಣ್ಣೆ. ಬೆಣ್ಣೆಯಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ ಅನ್ನಬಹುದು, ಅದೆಲ್ಲ ಮಜ್ಜಿಗೆಯಲ್ಲೇ ಉಳಿಯುತ್ತೆ. ನಮ್ಮ ಜಿಮ್ ಹುಡುಗರು ಆಗ ಇದ್ದಿದ್ದರೆ ಚಾವಡಿಯ ಹಿಂಬಾಗಿಲಲ್ಲಿ ಚೊಂಬು ಹಿಡಿದು ನಿಲ್ತಿದ್ದರು :-)

ಹೈದರಾಲಿ ಈ ಹಸುಗಳಲ್ಲಿ ಬೇರೆಯದನ್ನೇ ಕಂಡ. ಫಿರಂಗಿ ಎಳೆಯೋಕೆ ಇವುಗಳ ಎತ್ತಿಗೆ ಸಾಟಿ ಇರಲಿಲ್ಲ. ಟಿಪ್ಪು ಇಲಾಖೆಗೆ ಅಮೃತ ಮಹಲ್ ಅಂತ ಹೆಸರಿಟ್ಟು, ಹಿಂಡು ಸಾಕುವ ನಿಯಮಗಳ ಹುಕುಂನಾಮೆಯನ್ನೇ ಹೊರಡಿಸಿದ. ಹೆಸರಲ್ಲಿ ಅಮೃತ ಬಂತು, ಹಾಲು ಹಿಂದೆ ಸರಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಪಾಲಾಯಿತು. 1860ರಲ್ಲಿ ಖರ್ಚು ಜಾಸ್ತಿ ಅಂತ ಅವರು ಹಿಂಡನ್ನೇ ಮಾರಿಬಿಟ್ಟರು. ಸೈನ್ಯಕ್ಕೆ ಎತ್ತು ಸಾಲದೆ ಹೋದಾಗ ಬುದ್ಧಿ ಬಂದು, 1866ರಲ್ಲಿ ಮತ್ತೆ ಹಿಂಡು ಕಟ್ಟಲು ಶುರು ಮಾಡಿದರು. ಚೆನ್ನಾಗಿ ನಡೀತಿರೋ ಸಿಸ್ಟಮ್ಮನ್ನು ಕಾಸ್ಟ್ ಕಟಿಂಗ್ ಅಂತ ನಿಲ್ಲಿಸಿ, ಆಮೇಲೆ ಮೊದಲಿಂದ ಬರೆಯೋದು ನಮ್ಮ ಕಂಪನಿಗಳು ಕಂಡುಹಿಡಿದ ವಿದ್ಯೆ ಅಲ್ಲ ನೋಡಿ.

ಅಮೃತ ಮಹಲ್ ಹಸು ಒಂದು ಸೂಲಿಗೆ ಕೊಡುವ ಹಾಲು ಐನೂರು ಆರುನೂರು ಕೆಜಿ ಅಷ್ಟೇ. ಕಾವಲಿನಲ್ಲಿ ಬಿಡುಬೀಸಾಗಿ ಬೆಳೆದ ಹಸು, ಹೊಸಬರನ್ನು ಹತ್ತಿರ ಸೇರಿಸಲ್ಲ. ಹಾಲು ಕರುವಿಗೆ. ನಮ್ಮ ಸೀಮೆಯ ಆ ಪ್ರೋಟೀನ್ ಎಲ್ಲ ಹೋಗಿದ್ದು ಹೋರಿಯ ಹೆಗಲಿಗೆ, ಅರಮನೆಯ ತಟ್ಟೆಗಲ್ಲ. ಇವತ್ತು ನಾವು ಲೀಟರ್ ಲೀಟರ್ ಹಾಲು ತರೋದು ಸೀಮೆಹಸುಗಳ ದಯೆಯಿಂದ.

ಸರಿ, ಐಸ್ ಕ್ರೀಮ್. ಒಂದು ಲೀಟರ್ ಹಾಲಿಗೆ ಹೆಪ್ಪು ಹಾಕಿ, ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನೊಳಗೇ ನೇತುಹಾಕಿ. ಹಾಲಿನ ಮೂವತ್ತು ಗ್ರಾಂ ಪ್ರೋಟೀನಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಗಟ್ಟಿಯಲ್ಲೇ ಉಳಿಯುತ್ತೆ. ಇಳಿದ ನೀರು ಚೆಲ್ಲಬೇಡಿ, ಚಪಾತಿ ಹಿಟ್ಟಿಗೆ ಆಗುತ್ತೆ. ಗಟ್ಟಿ ಮೊಸರಿಗೆ ಐವತ್ತು ಗ್ರಾಂ ಕೆನೆರಹಿತ ಹಾಲಿನಪುಡಿ, ಎರಡು ಏಲಕ್ಕಿ ಬಾಳೆ, ಬೆಲ್ಲದ ಪುಡಿ ಹಾಕಿ ರುಬ್ಬಿ. ನಾಲ್ಕು ಬಟ್ಟಲಾದರೆ ಬಟ್ಟಲಿಗೆ ಸುಮಾರು ಹತ್ತು ಗ್ರಾಂ ಪ್ರೋಟೀನ್. ಕೊಬ್ಬು ಕಮ್ಮಿ ಇರೋದರಿಂದ ಕಲ್ಲಾಗೋದು ಸಹಜ. ಬೆಲ್ಲ ಪೂರ್ತಿ ಬಿಟ್ಟರೆ ಇನ್ನೂ ಕಲ್ಲು, ಸಿಹಿ ಇದ್ದಷ್ಟೂ ನೀರು ಹೆಪ್ಪುಗಟ್ಟೋದು ತಡ. ಅರ್ಧ ಗಂಟೆಗೊಮ್ಮೆ ಮೂರು ನಾಲ್ಕು ಸಲ ಫೋರ್ಕಿನಿಂದ ಕೆದಕಿ. ತಿನ್ನುವ ಹತ್ತು ನಿಮಿಷ ಮುಂಚೆ ಹೊರಗಿಡಿ.

ಕಾವಲುಗಳ ಕಥೆ ಇಷ್ಟು ಸಿಹಿ ಇಲ್ಲ. ಕಡೂರು ತಾಲ್ಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳ ಪುಣ್ಯದಿಂದ 2011ರಲ್ಲಿ ಸಂರಕ್ಷಿತ ಪ್ರದೇಶವಾಗಿ ಉಳಿಯಿತು. ಚಳ್ಳಕೆರೆ ಕಡೆಯ ಸಾವಿರಾರು ಎಕರೆ ಅಮೃತ ಮಹಲ್ ಕಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಹುಲ್ಲಿಲ್ಲದೆ ಹಿಂಡನ್ನು ಎಲ್ಲಿ ಕಟ್ತಾರೋ! ಬೀರೂರಿನಲ್ಲಿ ನಡೆಯುವ ಹೋರಿಕರುಗಳ ಹರಾಜಿಗೆ ಮಾತ್ರ ದೂರದೂರದ ರೈತರು ಬರ್ತಾರೆ, ಒಳ್ಳೇ ಜೋಡಿ ಲಕ್ಷ ದಾಟುತ್ತೆ. ಆ ಕಡೆ ಹೋದರೆ ಒಮ್ಮೆ ನೋಡಿ ಬನ್ನಿ, ಬೇಲಿಯ ಈಚೆಯಿಂದ.