ಪಾರ್ಟು ಕಲಿಸುವವರು

ಸುಗ್ಗಿ ಮುಗಿದು ಕೈ ಬಿಡುವಾದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ದೊಡ್ಡಾಟವೆಂಬ ಬಯಲಾಟದ ತಾಲೀಮು ಕೂಡುತ್ತಿತ್ತು. ಗುಡಿಯ ಕಟ್ಟೆಯೋ ಯಾರದೋ ಪಡಸಾಲೆಯೋ ಸಾಕು. ನಿನ್ನೆಯವರೆಗೆ ಗಳೆ ಹೊಡೆದವನು ಎರಡು ಮೂರು ತಿಂಗಳಲ್ಲಿ ಕರ್ಣನಾಗಬೇಕು, ಇಲ್ಲವೇ ಘಟೋತ್ಕಚನಾಗಬೇಕು. ಹೀಗೆ ಆಡಿದವರ ಹೆಸರನ್ನು ಊರು ನೆನಪಿಡುತ್ತದೆ. ಆಡಿಸಿದವರನ್ನು ಬೇಗ ಮರೆಯುತ್ತದೆ. ನಮ್ಮ ರಂಗಚರಿತ್ರೆಗಳೂ ಈ ಮರೆವಿಗೆ ಹೊರತಲ್ಲ.

ಎಲೆ-ಅಡಿಕೆ ಇಟ್ಟು ಪಾರ್ಟು ಹಂಚುವುದು ವಾಡಿಕೆ. ವೀಳ್ಯ ಹಿಡಿದವನು ಆಮೇಲೆ ಹಿಂದೆ ಸರಿದರೆ ಮರ್ಯಾದೆ ಹೋಯಿತು. ಮೊದಲಿಗೆ ಕುಣಿತ: ಮಾಸ್ತರರು ಬಾಯಲ್ಲೇ ಮದ್ದಲೆಯ ಪೆಟ್ಟು ಹೇಳುತ್ತಾರೆ, ಹೊಸಬನ ಕಾಲು ಅದಕ್ಕೆ ಒಗ್ಗಬೇಕು. ಆಮೇಲೆ ಪದ, ಕೊನೆಗೆ ಮಾತು. ಕರಾವಳಿಯ ಯಕ್ಷಗಾನದಲ್ಲಿ ಅರ್ಥಧಾರಿ ಮಾತನ್ನು ಆಶುವಾಗಿ ಕಟ್ಟುತ್ತಾನೆ. ದೊಡ್ಡಾಟದಲ್ಲಿ ಕಂದ, ವೃತ್ತಗಳ ಜೊತೆ ಮಾತೂ ಬರೆದದ್ದೇ, ಎಲ್ಲವನ್ನೂ ಬಾಯಿಪಾಠ ಮಾಡಬೇಕು. ಅಕ್ಷರ ಬಾರದವರೂ ಮಾಸ್ತರರ ಬಾಯಿಂದ ಸಾಲು ಸಾಲಾಗಿ ಕೇಳಿ, ರಾತ್ರಿಗಟ್ಟಲೆ ಒಪ್ಪಿಸಿ ಕಲಿತರು. ಸಂಸ್ಕೃತದ ಪದಗಳು ನಾಲಿಗೆಯಲ್ಲಿ ಉರುಳಿ ಉರುಳಿ ಬೇರೆಯೇ ರೂಪ ತಾಳಿದವು. ಅದನ್ನು ತಪ್ಪೆಂದು ತಿದ್ದಹೊರಡುವ ಪಂಡಿತರ ಉತ್ಸಾಹ ನನಗೆ ಅಷ್ಟು ಹಿಡಿಸುವುದಿಲ್ಲ.

ಆಟದ ರಾತ್ರಿ ಕಿರೀಟ, ಭುಜಕೀರ್ತಿಗಳ ಭಾರ ಮೈಮೇಲೆ ಬಿದ್ದಾಗ ಹೊಸಬನ ಕತ್ತು ಸೆಟೆಯುತ್ತದೆ, ಕಲಿತದ್ದೆಲ್ಲ ಒಮ್ಮೆಗೇ ಮರೆಯುತ್ತದೆ. ಅಲ್ಲಿ ಕೈ ಹಿಡಿಯುವವನು ಸಾರಥಿ. ಅಟ್ಟದ ಮೇಲೆ ಬಂದ ವೇಷವನ್ನು ‘ತಾವು ಯಾರು, ಯಾವ ಊರಿನ ದೊರೆ’ ಎಂದು ವಿಚಾರಿಸುವುದು ಅವನ ಕೆಲಸ. ಹುಡುಗ ತಡವರಿಸಿದರೆ ಪಳಗಿದ ಸಾರಥಿ ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತಾನೆ. ಉತ್ತರದ ಮೊದಲ ಶಬ್ದ ಪ್ರಶ್ನೆಯಲ್ಲೇ ಇರುತ್ತದೆ. ನಡುವೆ ಒಂದು ನಗೆಮಾತು ಹಾರಿಸಿ ಉಸಿರಾಡಲು ಬಿಡುವು ಕೊಡುತ್ತಾನೆ. ನೋಡುವವರಿಗೆ ಅದು ಹಾಸ್ಯ, ಹುಡುಗನಿಗೆ ಅದೇ ಪಾಠ.

ಕಂಪನಿ ನಾಟಕದ ಕಾಲಕ್ಕೆ ಈ ಕಲಿಕೆ ಊರು ಬಿಟ್ಟು ಹೊರಟಿತು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಅವರು ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿ ಕಲಿತರು. ಅವರ ಶಿಷ್ಯ, ದೇವಗಿರಿಯ ಪುಟ್ಟರಾಜ ಗವಾಯಿಗಳು (1914–2010) ತಾವೇ ನಾಟಕ ಬರೆದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಕ್ಕಳ ಅನ್ನಕ್ಕೆ ನಾಟಕ ಸಂಘದ ಗಳಿಕೆ ಒದಗಿತು. ಅಲ್ಲಿ ಸ್ವರ ತಪ್ಪಿದವನಿಗೆ ಪಾರ್ಟಿಲ್ಲ. ಅದೇ ಗದಗಿನ ಶಾಬಾದಿಮಠ ಪ್ರಕಾಶನ ಬಯಲಾಟ, ನಾಟಕಗಳ ಪುಸ್ತಕ ಅಚ್ಚು ಹಾಕಿ ಸಂತೆ-ಜಾತ್ರೆಗೆ ಮುಟ್ಟಿಸಿತು. ಮಾಸ್ತರರ ಕೈಬರಹದ ವಹಿಯ ಹಿಡಿತ ಸಡಿಲಾಯಿತು. ಪುಸ್ತಕ ಮಾತು ಕೊಟ್ಟಿತು, ಹೆಜ್ಜೆ ಕೊಡಲಿಲ್ಲ.

ಹೆಗ್ಗೋಡಿನಲ್ಲಿ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದು, 1985ರಲ್ಲಿ ತಿರುಗಾಟ ಹೊರಡಿಸಿದ ಮೇಲೆ ಹೊಸ ಮಾದರಿಯೊಂದು ಬಂತು: ಮೈ ಸಡಿಲಿಸುವ ವ್ಯಾಯಾಮ, ಧ್ವನಿಯ ಅಭ್ಯಾಸ, ಪಾತ್ರದ ಒಳಗು ಹುಡುಕುವ ಚರ್ಚೆ. ಹಾನಗಲ್ಲ ತಾಲ್ಲೂಕಿನ ಶೇಷಗಿರಿಯಲ್ಲಿ ಗಜಾನನ ಯುವಕ ಮಂಡಳ ಆಧುನಿಕ ನಾಟಕ ಆಡುತ್ತ, ಆ ಸಣ್ಣ ಊರಿಗೆ ರಂಗಮಂದಿರವನ್ನೇ ತಂದುಕೊಂಡಿತು. ತಾಲ್ಲೂಕು ಕೇಂದ್ರಗಳಿಗೂ ಅಪರೂಪವಾದ ಸೌಕರ್ಯವದು.

ದೊಡ್ಡಾಟದ ಮಟ್ಟಿಗೆ ಶಿಗ್ಗಾವಿಯೇ ಮುಂದೆ. ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನ ಶಿಲ್ಪಿ ಟಿ.ಬಿ. ಸೊಲಬಕ್ಕನವರ ದೊಡ್ಡಾಟಕ್ಕೆ ಮತ್ತೆ ಜೀವ ತುಂಬಲು ದುಡಿದರು. ಬಾಗಲಕೋಟೆಯ ಬಯಲಾಟ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದ ಅವರು 2020ರಲ್ಲಿ ತೀರಿಕೊಂಡರು. ಅದೇ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಶುರುವಾಯಿತು.

ಇಂದಿನ ಹುಡುಗರಿಗೆ ವೇಷ ಹೊಸದೇನಲ್ಲ, ಮೊಬೈಲಿನಲ್ಲೇ ರಾಕ್ಷಸರನ್ನು ಬೆಳೆಸುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರ ವಹಿಸುವ ಆಟ ಪಾತ್ರದ ಅನುಭವವನ್ನು ಅಂಕಗಳಲ್ಲಿ ಎಣಿಸಿ ಮೆಟ್ಟಿಲು ಹತ್ತಿಸಿತು. 2000ದ ‘ದಿ ಸಿಮ್ಸ್’ ಎಂಬ ಕಂಪ್ಯೂಟರ್ ಆಟದಲ್ಲಿ ಪಾತ್ರ ಕನ್ನಡಿ ಮುಂದೆ ನಿಂತು ಮಾತಾಡಿ ವರ್ಚಸ್ಸು ಬೆಳೆಸಿಕೊಳ್ಳುತ್ತದೆ. ನಮ್ಮ ಮೇಳದಲ್ಲೂ ದೂತನ ಪಾರ್ಟಿನಿಂದ ದೊರೆಯ ಪಾರ್ಟಿಗೆ ಏರುವ ಮೆಟ್ಟಿಲಿತ್ತು; ಆದರೆ ಅಲ್ಲಿ ಅಂಕ ಹಾಕುತ್ತಿದ್ದವರು ಎದುರಿಗೆ ಕಂಬಳಿ ಹೊದ್ದು ಕೂತ ಊರವರು.

ಈಗ ಶಿಬಿರಗಳು ನಡೆಯುತ್ತವೆ, ಬೆಳತನಕದ ಆಟ ಒಂದೆರಡು ಗಂಟೆಗೆ ಇಳಿದಿದೆ. ಅಷ್ಟಕ್ಕೆ ಬೇಕಾದ ಕರ್ಣ, ಅರ್ಜುನರು ಕೆಲವೇ ವಾರಗಳಲ್ಲಿ ತಯಾರಾಗುತ್ತಾರೆ, ಕೆಲವರು ಚೆನ್ನಾಗಿಯೇ ಕುಣಿಯುತ್ತಾರೆ. ಇಡೀ ಪ್ರಸಂಗ ಬಾಯಲ್ಲಿಟ್ಟುಕೊಂಡು, ತಪ್ಪಿದವನನ್ನು ಅಟ್ಟದ ಮೇಲೆಯೇ ಎತ್ತಿ ನಿಲ್ಲಿಸುವ ಸಾರಥಿ ಮಾತ್ರ ಅಷ್ಟರಲ್ಲಿ ತಯಾರಾಗಲಾರ. ಅವನಿಗೆ ಹಲವು ಹಂಗಾಮು ಬೇಕು, ಎಲ್ಲರ ಪಾರ್ಟೂ ಗೊತ್ತಿರಬೇಕು. ಸಾರಥಿಗಳಿಗೆಂದೇ ಮೀಸಲಾದ ಒಂದು ಶಿಬಿರವನ್ನು ನಾನಂತೂ ಕಂಡಿಲ್ಲ. ವಿಶ್ವವಿದ್ಯಾಲಯವೋ ಅಕಾಡೆಮಿಯೋ ಮುಂದಿನ ಬೇಸಿಗೆಗೆ ಹೊಸ ವೇಷಧಾರಿಗಳನ್ನು ಕರೆಯುವ ಮೊದಲು, ಉಳಿದಿರುವ ಹಳೆಯ ಮಾಸ್ತರರ ಪಕ್ಕದಲ್ಲಿ ನಾಲ್ಕು ಹುಡುಗರನ್ನು ವರ್ಷಪೂರ್ತಿ ಸಂಬಳ ಕೊಟ್ಟು ಕೂರಿಸಲಿ.